ರಕ್ತದ ಬ್ಯಾಗಿನ ತಾಪಮಾನ ಸ್ಟಿಕ್ಕರ್: ನಂಬುವ ಮೊದಲು ಹೀಗೆ ಪರೀಕ್ಷಿಸಿ

ಆಪರೇಷನ್ ಥಿಯೇಟರಿಗೆ ಹೋದ ರಕ್ತದ ಬ್ಯಾಗ್ ಬಳಕೆಯಾಗದೆ ರಕ್ತನಿಧಿಗೆ ವಾಪಸ್ ಬಂದಿದೆ. ಮುಟ್ಟಿದರೆ ತಣ್ಣಗಿದೆ. ಹಾಗಂತ ಸುಮ್ನೆ ಫ್ರಿಜ್ಜಿಗೆ ಇಟ್ಟುಬಿಡುವ ಹಾಗಿಲ್ಲ. ಕೈಗೆ 8 ಡಿಗ್ರಿಯೂ ತಣ್ಣಗೆ, 12 ಡಿಗ್ರಿಯೂ ತಣ್ಣಗೆ! ರಕ್ತದ ಕೆಂಪು ಕಣಗಳನ್ನು ಇಡುವುದು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸಾಗಿಸುವಾಗ 10 ಡಿಗ್ರಿ ದಾಟಬಾರದು. ಬೆಚ್ಚಗಾದಷ್ಟೂ ಬ್ಯಾಕ್ಟೀರಿಯಾ ಬೆಳೆಯಲು ಅನುಕೂಲ.

ಅದಕ್ಕೇ ಬ್ಯಾಗಿನ ಮೇಲೆ ಸೂಚಕ ಸ್ಟಿಕ್ಕರ್ ಅಂಟಿಸುತ್ತಾರೆ. 10 ಡಿಗ್ರಿ ಮುಟ್ಟಿದರೆ ಬಣ್ಣ ಬದಲಾಗುತ್ತದೆ, ಮತ್ತೆ ತಣ್ಣಗಾದರೂ ಹಳೇ ಬಣ್ಣ ಬರುವುದಿಲ್ಲ. ಆದರೆ ಸ್ಟಿಕ್ಕರ್ ಕೂಡ ತಪ್ಪಬಹುದು, ಅಲ್ವಾ? ತಡವಾಗಿ ಬಣ್ಣ ಬದಲಿಸಿದರೆ ರೋಗಿಗೆ ಅಪಾಯ. ಬೇಗ ಬದಲಿಸಿದರೆ ಯಾರೋ ಮನಸ್ಸಿಟ್ಟು ಕೊಟ್ಟ ರಕ್ತ ಕಸಕ್ಕೆ ಹೋಗುತ್ತದೆ. ಮೊದಲನೆಯದಕ್ಕೆ ಎಲ್ಲರೂ ಹೆದರುತ್ತಾರೆ. ಎರಡನೆಯದನ್ನೂ ಅಷ್ಟೇ ಗಂಭೀರವಾಗಿ ನೋಡಬೇಕು ಎನ್ನುವುದು ನನ್ನ ಅಭಿಪ್ರಾಯ.

ಹೊಸ ಲಾಟ್ (ಒಂದೇ ಸಲ ತಯಾರಾದ ಸ್ಟಿಕ್ಕರ್‌ಗಳ ಗುಂಪು) ಬಂದಾಗಲೆಲ್ಲ ಈ ಪರೀಕ್ಷೆ ಮಾಡಿ. ಎಷ್ಟು ಡಿಗ್ರಿಯೊಳಗೆ ಬಣ್ಣ ಬದಲಾದರೆ ಪಾಸ್ ಎಂಬುದನ್ನು ತಯಾರಕರ ಕರಪತ್ರ ನೋಡಿ ಮೊದಲೇ ಬರೆದಿಡಿ. ಫಲಿತಾಂಶ ನೋಡಿದ ಮೇಲೆ ಮಿತಿ ಹಾಕಿದರೆ ಅದು ಪರೀಕ್ಷೆಯೇ ಅಲ್ಲ.

ಮೊದಲು ಥರ್ಮಾಮೀಟರ್. ಕ್ಯಾಲಿಬ್ರೇಷನ್ (ಅಳತೆ ಸರಿಯಿದೆಯೇ ಎಂಬ ತಪಾಸಣೆ) ಅವಧಿ ಮುಗಿದಿಲ್ಲ ತಾನೆ, ನೋಡಿ. ಶುದ್ಧ ನೀರಿನ ಮಂಜುಗಡ್ಡೆ ಪುಡಿ ಮಾಡಿ, ಸ್ವಲ್ಪ ನೀರು ಬೆರೆಸಿ, ಪ್ರೋಬ್, ಅಂದರೆ ಅಳೆಯುವ ತುದಿಯನ್ನು, ತಳಕ್ಕೆ ತಾಗದಂತೆ ಮಧ್ಯದಲ್ಲಿಡಿ. 0 ತೋರಿಸಬೇಕು. ತೋರಿಸದಿದ್ದರೆ ಬೇರೆ ಥರ್ಮಾಮೀಟರ್ ತನ್ನಿ.

ನಂತರ ಬ್ಯಾಗ್. ಅವಧಿ ಮುಗಿದ ರಕ್ತ ಸಾಕು. ಇಲ್ಲವಾದರೆ ನೀರಿಗೆ 10% ಗ್ಲಿಸರಿನ್ ಬೆರೆಸಿ ಖಾಲಿ ಬ್ಯಾಗಿಗೆ ತುಂಬಿ. ನೀವು ನಿಜವಾಗಿ ಬಳಸುವ ಅಳತೆಯೇ ಇರಲಿ. ಕಡಿಮೆ ತುಂಬಿದ ಬ್ಯಾಗ್ ಬೇಗ ಬೆಚ್ಚಗಾಗುತ್ತದೆ.

ಪ್ರೋಬ್ ಎಲ್ಲಿಡಬೇಕು ಎಂಬಲ್ಲೇ ಜಾಸ್ತಿ ಜನ ಎಡವುತ್ತಾರೆ. ಹೊರಗಿಟ್ಟ ಬ್ಯಾಗಿನ ಮೇಲ್ಮೈ ಮೊದಲು ಬೆಚ್ಚಗಾಗುತ್ತದೆ, ಒಳಗಿನ ರಕ್ತ ನಿಧಾನವಾಗಿ. ಸ್ಟಿಕ್ಕರ್‌ಗೆ ಗೊತ್ತಾಗುವುದು ಮೇಲ್ಮೈ ಮಾತ್ರ. ಬ್ಯಾಗಿನ ನಡುವಿನ ಪ್ರೋಬ್ ಒಂದನ್ನೇ ನೋಡಿದರೆ ಒಳ್ಳೆಯ ಸ್ಟಿಕ್ಕರ್ ಕೂಡ ಅವಸರದ್ದು ಅನ್ನಿಸುತ್ತದೆ. ಹಾಗಾಗಿ ಎರಡು ಪ್ರೋಬ್ ಬಳಸಿ. ಒಂದು ಒಳಗೆ. ಇನ್ನೊಂದು ಸ್ಟಿಕ್ಕರ್ ಪಕ್ಕದಲ್ಲೇ ಮೇಲ್ಮೈಗೆ ಒತ್ತಿರಲಿ, ಅದರ ಮೇಲೆ ಸಣ್ಣ ಫೋಮ್ ತುಂಡು ಅಂಟಿಸಿ. ಇಲ್ಲದಿದ್ದರೆ ಕೋಣೆಯ ಗಾಳಿಯ ಬಿಸಿಯೂ ಅದರಲ್ಲಿ ಸೇರಿಬಿಡುತ್ತದೆ.

ಸ್ಟಿಕ್ಕರ್ ಅಂಟಿಸುವುದು. ಪೆಟ್ಟಿಗೆಯ ಬೇರೆ ಬೇರೆ ಜಾಗದಿಂದ ಕೆಲವನ್ನು ಆರಿಸಿ. ಕೆಲವು ಬಗೆಯವನ್ನು ಅಂಟಿಸುವ ಮೊದಲೇ ತಣ್ಣಗೆ ಮಾಡಬೇಕು, ಕರಪತ್ರ ಓದಿ. ಫ್ರಿಜ್ಜಿನಲ್ಲಿ ತಣ್ಣಗಾದ ಬ್ಯಾಗ್ ಮೇಲಿನ ಹನಿ ಒರೆಸಿ. ಒಳಗೆ ಗಾಳಿಗುಳ್ಳೆ ಇರುವ ಕಡೆ ಬೇಡ.

ತಣ್ಣಗಿದ್ದಾಗ ಸುಮ್ಮನಿರುತ್ತದೆಯೇ? ಒಂದು ದಿನ ಫ್ರಿಜ್ಜಿನಲ್ಲಿಡಿ. ಒಂದೇ ಒಂದು ಸ್ಟಿಕ್ಕರ್ ಕೂಡ ಬಣ್ಣ ಬದಲಿಸಬಾರದು.

ಬೆಚ್ಚಗಾದಾಗ ಹೇಳುತ್ತದೆಯೇ? ಬ್ಯಾಗನ್ನು ಮೇಜಿನ ಮೇಲಿಟ್ಟು ಕೈ ತೆಗೆಯಿರಿ, ಅಂಗೈ ಬಿಸಿಯೇ ಲೆಕ್ಕ ಕೆಡಿಸುತ್ತದೆ. ನಿಮಿಷಕ್ಕೊಮ್ಮೆ ತಾಪಮಾನ ಬರೆಯಿರಿ. 8 ಡಿಗ್ರಿ ಆದ ಮೇಲೆ ಕಣ್ಣು ತೆಗೆಯಬೇಡಿ. ಬಣ್ಣ ಬದಲಾದ ಕ್ಷಣದಲ್ಲಿ ಎರಡೂ ಪ್ರೋಬ್ ಎಷ್ಟು ತೋರಿಸಿದವು ಎಂದು ಬರೆದುಕೊಳ್ಳಿ. ಪಾಸೋ ಫೇಲೋ ಎಂದು ಹೇಳುವುದು ಮೇಲ್ಮೈಯ ಅಂಕಿ. ಎಷ್ಟು ನಿಮಿಷ ಹಿಡಿಯಿತು ಎಂಬುದನ್ನೂ ಬರೆಯಿರಿ. "ಹೊರಗೆ ಹೋದ ಬ್ಯಾಗ್ ಅರ್ಧ ಗಂಟೆಯೊಳಗೆ ವಾಪಸ್ ಬಂದರೆ ಸರಿ" ಎಂಬ ಹಳೇ ಲೆಕ್ಕವಿದೆಯಲ್ಲ, ಕೋಣೆ ಬೆಚ್ಚಗಿದ್ದರೆ ಅದಕ್ಕೂ ಮೊದಲೇ 10 ಡಿಗ್ರಿ ದಾಟಬಹುದು.

ಬಣ್ಣವನ್ನು ಇಬ್ಬರು ಬೇರೆ ಬೇರೆಯಾಗಿ ನೋಡಲಿ. ಕೆಂಪು, ಹಸಿರು ಬಣ್ಣ ಗುರುತಿಸಲು ಕಷ್ಟಪಡುವವರು ನಮ್ಮ ನಡುವೆಯೇ ಇದ್ದಾರೆ. ರಾತ್ರಿ ಪಾಳಿಯಲ್ಲಿ ಮಂದ ಬೆಳಕಿನಲ್ಲಿ ನೋಡುವವರೂ ಇರುತ್ತಾರೆ. ಆ ಬೆಳಕಿನಲ್ಲೂ ಒಮ್ಮೆ ನೋಡಿ.

ಕೊನೆಗೆ ಬ್ಯಾಗನ್ನು ಮತ್ತೆ ಫ್ರಿಜ್ಜಿಗೆ ಇಡಿ. ಮರುದಿನವೂ ಬದಲಾದ ಬಣ್ಣ ಹಾಗೇ ಇರಬೇಕು.

ಒಂದು ಸ್ಟಿಕ್ಕರ್ ಫೇಲಾದರೆ, ಪಾಸಾಗುವ ತನಕ ಹೊಸದನ್ನು ಅಂಟಿಸುತ್ತಾ ಹೋಗಬೇಡಿ. ಪೂರ್ತಿ ಲಾಟ್ ಪಕ್ಕಕ್ಕಿಟ್ಟು ಕಾರಣ ಹುಡುಕಿ. ರಿಜಿಸ್ಟರಿನಲ್ಲಿ ಲಾಟ್ ನಂಬರ್, ಥರ್ಮಾಮೀಟರ್ ನಂಬರ್, ಕೋಣೆಯ ತಾಪಮಾನ, ಪ್ರತಿ ಸ್ಟಿಕ್ಕರಿನ ಅಂಕಿ ಎಲ್ಲವೂ ಇರಲಿ. ಎರಡನೆಯವರು ನೋಡಿ ಸಹಿ ಹಾಕುವವರೆಗೆ ಆ ಪೆಟ್ಟಿಗೆ ಬಳಕೆಯ ಕಪಾಟಿಗೆ ಹೋಗುವುದು ಬೇಡ.