ಚೀಟಿ ಆಮೇಲೆ, ಸ್ಕ್ಯಾನ್ ಮೊದಲು

ನಾನು ರೇಡಿಯಾಲಜಿಸ್ಟ್, ಸ್ಕ್ಯಾನ್ ನೋಡಿ ರಿಪೋರ್ಟ್ ಬರೆಯುವ ಡಾಕ್ಟರ್. ಮೆದುಳಿನ ಸ್ಕ್ಯಾನ್ ಬಂದಾಗ ಅದನ್ನು ಕಳಿಸಿದ ಡಾಕ್ಟರ ಚೀಟಿ ಮೊದಲು ಓದುವುದಿಲ್ಲ. ಹೆಸರು, ವಯಸ್ಸು ನೋಡಿಕೊಂಡು ಸೀದಾ ಚಿತ್ರಕ್ಕೆ ಹೋಗುತ್ತೇನೆ. ‘ಎಡಗೈಗೆ ಶಕ್ತಿ ಇಲ್ಲ, ಸ್ಟ್ರೋಕ್ ಇದೆಯಾ?’ ಅಂತ ಓದಿಬಿಟ್ಟರೆ ಮುಗೀತು, ಕಣ್ಣು ಮೆದುಳಿನ ಬಲಭಾಗಕ್ಕೇ ಓಡುತ್ತದೆ, ಉಳಿದದ್ದೆಲ್ಲ ಸುಮ್ನೆ ಸರಿದು ಹೋಗುತ್ತದೆ. ಹಾಗಂತ ಚೀಟಿ ಬೇಡ ಅಂತಲ್ಲ. ಕಂಡದ್ದನ್ನು ಎರಡು ಸಾಲು ಬರೆದಿಟ್ಟು, ಚೀಟಿ ಓದಿ, ಇನ್ನೊಂದು ಸುತ್ತು ನೋಡುತ್ತೇನೆ. ಸಣ್ಣ ಸ್ಟ್ರೋಕ್ ಸಿಗುವುದು ಹೆಚ್ಚಾಗಿ ಆ ಎರಡನೇ ಸುತ್ತಿನಲ್ಲೇ.

ಹಳೇ ರಿಪೋರ್ಟ್ ಇನ್ನೂ ಜಾಸ್ತಿ ದಾರಿ ತಪ್ಪಿಸುತ್ತದೆ. ವಯಸ್ಸಾದ ಒಬ್ಬರ ಸಿಟಿ ಸ್ಕ್ಯಾನ್ ಬಂದಿತ್ತು. ಮಿಡ್‌ಲೈನ್ (ಮೆದುಳಿನ ಎಡ–ಬಲ ಭಾಗಗಳ ನಡುಗೆರೆ) ನೆಟ್ಟಗಿತ್ತು, ರಕ್ತಸ್ರಾವದ ಬಿಳಿ ಎಲ್ಲೂ ಇರಲಿಲ್ಲ. ಆದರೆ ಆ ವಯಸ್ಸಿಗೆ ಮೆದುಳು ತೀರಾ ತುಂಬಿಕೊಂಡಂತಿತ್ತು. ಮಡಿಕೆಗಳ ನಡುವಿನ ಸಂದುಗಳು ಬುರುಡೆಯವರೆಗೆ ಬರದೆ ಎರಡೂ ಕಡೆ ಅರ್ಧಕ್ಕೇ ನಿಂತಿದ್ದವು. ಹೊರಪೊರೆಯ ಕೆಳಗೆ ಕಟ್ಟಿದ ರಕ್ತ ಎರಡು–ಮೂರು ವಾರ ಆಗುವಷ್ಟರಲ್ಲಿ ಸಿಟಿಯಲ್ಲಿ ಮೆದುಳಿನದೇ ಬೂದು ಬಣ್ಣಕ್ಕೆ ಬಂದುಬಿಡುತ್ತದೆ, ಎರಡೂ ಕಡೆಯಿಂದ ಸಮನಾಗಿ ಒತ್ತಿದರೆ ಮಿಡ್‌ಲೈನ್ ಯಾವ ಕಡೆಗೂ ಸರಿಯುವುದಿಲ್ಲ. ಎದುರಿನಿಂದ ನೋಡಿದಂತಿರುವ ಕರೋನಲ್ ನೋಟದಲ್ಲಿ ಎರಡೂ ಸಬ್‌ಡ್ಯೂರಲ್ (ಹೊರಪೊರೆಯ ಕೆಳಗೆ ಕಟ್ಟಿದ ಆ ರಕ್ತ) ಸ್ಪಷ್ಟವಾದವು. ಆಮೇಲೆ ಹಳೇ ರಿಪೋರ್ಟ್ ತೆಗೆದರೆ ‘ನಾರ್ಮಲ್’. ಹಳೇ ಚಿತ್ರವೂ ನಿಜಕ್ಕೂ ನಾರ್ಮಲ್ಲೇ! ಸುಳ್ಳು ರಿಪೋರ್ಟ್ ಮಾತ್ರ ಮೋಸ ಮಾಡುತ್ತದೆ ಅಂದುಕೊಳ್ಳಬೇಡಿ, ಸರಿಯಾದದ್ದೂ ಮಾಡುತ್ತದೆ.

ಇನ್ನೊಂದು ಕಾಟ, ಹುಡುಕುತ್ತಿರುವುದನ್ನಷ್ಟೇ ನೋಡುವುದು, ಒಂದು ಸಿಕ್ಕಿದ ಕೂಡಲೇ ಹುಡುಕಾಟ ನಿಲ್ಲಿಸುವುದು. 2013ರ ಒಂದು ಪ್ರಯೋಗದಲ್ಲಿ ಶ್ವಾಸಕೋಶದ ಸಿಟಿಯೊಳಗೆ ಗೊರಿಲ್ಲಾ ಚಿತ್ರ ಸೇರಿಸಿ ಗಂಟು ಹುಡುಕಲು ಕೊಟ್ಟಿದ್ದರು. 24 ರೇಡಿಯಾಲಜಿಸ್ಟ್‌ಗಳಲ್ಲಿ 20 ಜನಕ್ಕೆ ಗೊರಿಲ್ಲಾ ಕಾಣಲೇ ಇಲ್ಲ. ಹುಡುಕುತ್ತಿದ್ದದ್ದು ಬೇರೆ, ಅಲ್ವಾ? ಅದಕ್ಕೇ ಎಷ್ಟೇ ದೊಡ್ಡ ಗಡ್ಡೆ ಕಂಡರೂ ನಾನು ಮೆದುಳಿನ ಬುಡದ ಬ್ಯಾಸಿಲರ್ ಧಮನಿ, ಮೆದುಳಿನಿಂದ ರಕ್ತ ಹೊರಗೊಯ್ಯುವ ವೀನಸ್ ಸೈನಸ್‌ಗಳು, ಪಿಟ್ಯುಟರಿ ಗ್ರಂಥಿ, ಕಣ್ಣಿನ ಗುಳಿ, ಬುರುಡೆಯ ಬುಡ, ಕೊನೆಗೆ ಮೂಳೆ ಎದ್ದು ಕಾಣುವ ಬೋನ್ ವಿಂಡೋ, ಇಷ್ಟಕ್ಕೂ ಹೋಗಿ ಬರುತ್ತೇನೆ. ಬೇಜಾರಿನ ಕೆಲಸ, ನಿಜ.

ರಾತ್ರಿ ಪಾಳಿಯಲ್ಲಿ ಫೋನ್ ಬರುತ್ತದೆ: ‘ಬ್ಲೀಡ್ ಇದೆಯಾ, ಇಲ್ವಾ, ಅಷ್ಟು ಹೇಳಿ ಸಾಕು.’ ಅದನ್ನು ತಕ್ಷಣ ಹೇಳಲೇಬೇಕು, ಹೇಳುತ್ತೇನೆ. ಫೋನ್ ಇಟ್ಟು ಮತ್ತೆ ಮೊದಲನೇ ಸ್ಲೈಸ್‌ನಿಂದ ಶುರು ಮಾಡುತ್ತೇನೆ.