ಉಗಾಂಡದ ಹಳ್ಳಿ ಶಾಲೆಯಲ್ಲಿ ಗಣಿತ ಪಾಠ: ನನ್ನ ಅನುಭವ

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನಮ್ಮ ಧರ್ಮಕೇಂದ್ರದವರು, ಅಂದರೆ ನಮ್ಮ ಚರ್ಚಿನವರು, ಈಗಲೂ ಕೇಳುತ್ತಾರೆ, "ಆಫ್ರಿಕಾದಲ್ಲಿ ಏನು ಮಾಡ್ತಿದ್ರಿ ಮೇಡಂ, ಧರ್ಮಪ್ರಚಾರನಾ?" ಅಂತ. ಅಲ್ಲ, ಗಣಿತ ಪಾಠ ಮಾಡುತ್ತಿದ್ದೆ. ಉಗಾಂಡದ ಮಸಾಕಾ ಧರ್ಮಕ್ಷೇತ್ರದ (ಡಯಾಸಿಸ್) ಒಂದು ಹಳ್ಳಿ ಹೈಸ್ಕೂಲಿನಲ್ಲಿ. ಸಂಬಳ ಇಲ್ಲ, ಊಟ ಮತ್ತು ಇರಲು ಒಂದು ಕೋಣೆ. ಆ ಊರಿನವರಿಗೆ ವಿಶ್ವಾಸ ಕಲಿಸೋಕೆ ಬೆಂಗಳೂರಿನಿಂದ ಯಾರೂ ಹೋಗಬೇಕಿಲ್ಲ. ಆಧುನಿಕ ಕಾಲದ ಮೊದಲ ಆಫ್ರಿಕನ್ ಕಥೋಲಿಕ ಧರ್ಮಾಧ್ಯಕ್ಷರಲ್ಲಿ (ಬಿಷಪ್) ಒಬ್ಬರಾದ ಜೋಸೆಫ್ ಕಿವಾನುಕಾ ಅವರಿಗೆ 1939ರಲ್ಲಿ ದೀಕ್ಷೆ ಆಗಿದ್ದು ಮಸಾಕಾದ ಹೊಣೆ ಹೊರಲೆಂದೇ. ಅಲ್ಲಿ ಕೊರತೆ ಇದ್ದದ್ದು ಗಣಿತದ ಟೀಚರುಗಳದ್ದು.

ಹೊರಡುವ ಮುಂಚಿನ ಓಡಾಟ ಬೇಗ ಹೇಳಿಬಿಡುತ್ತೇನೆ. ಅಲ್ಲಿ ಕೆಲಸ ಮಾಡುವ ಸಿಸ್ಟರ್‌ಗಳ ಮೂಲಕ ಶಾಲೆಯ ಪರಿಚಯವಾಯಿತು. ನಮ್ಮ ಫಾದರ್ ಪತ್ರ ಕೊಟ್ಟರು. ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್ ಪಡೆದೆ. ಹಳದಿ ಜ್ವರದ ಲಸಿಕೆಯ ಕಾರ್ಡ್ ಇಲ್ಲದೆ ಉಗಾಂಡದೊಳಗೆ ಬಿಡುವುದಿಲ್ಲ. ನಾನು ಅದನ್ನು ಕೆ.ಆರ್. ಸರ್ಕಲ್ ಹತ್ತಿರ ಶೇಷಾದ್ರಿ ರಸ್ತೆಯ ಸಾರ್ವಜನಿಕ ಆರೋಗ್ಯ ಸಂಸ್ಥೆಯಲ್ಲಿ ಹಾಕಿಸಿಕೊಂಡೆ. ಪ್ರವಾಸಿ ವೀಸಾದಲ್ಲಿ ಹೋಗಿ ಪಾಠ ಮಾಡೋದು ಸರಿಯಲ್ಲ, ಸಂಬಳ ಇಲ್ಲದಿದ್ದರೂ ಪರ್ಮಿಟ್ ಬೇಕು. ಅದನ್ನು ಅಲ್ಲಿಯವರೇ ನೋಡಿಕೊಂಡರು.

ಮಸಾಕಾ ಸಮಭಾಜಕ ರೇಖೆಯ ಪಕ್ಕದಲ್ಲೇ ಇದೆ. ವರ್ಷವಿಡೀ ಏಳಕ್ಕೆ ಸ್ವಲ್ಪ ಮುಂಚೆ ಬೆಳಕು, ಸಂಜೆ ಏಳಕ್ಕೆ ಕತ್ತಲೆ. ಜನ ಗಂಟೆ ಎಣಿಸುವುದೂ ಸೂರ್ಯನಿಂದಲೇ. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ಶಾಲೆಯ ಗಂಟೆ ಅಂದರೆ ಮಾವಿನ ಮರಕ್ಕೆ ನೇತುಹಾಕಿದ ಲಾರಿ ಚಕ್ರದ ರಿಮ್. ಹುಡುಗ ಕಬ್ಬಿಣದ ಸರಳಿನಿಂದ ಬಡಿದರೆ ಬಾಳೆತೋಟದ ಆಚೆಗೂ ಕೇಳುತ್ತಿತ್ತು.

ಒಂದು ತರಗತಿಯಲ್ಲಿ ಎಂಬತ್ತರ ಹತ್ತಿರ ಮಕ್ಕಳು. ಪಠ್ಯಪುಸ್ತಕ ಕೆಲವೇ ಕೆಲವು. ನಾನು ಬೋರ್ಡಿನ ಮೇಲೆ ಬರೆದದ್ದೇ ಅವರ ಪುಸ್ತಕ. ಹಾಗಾಗಿ ಅಕ್ಷರ ದೊಡ್ಡದಾಗಿರಬೇಕು, ಹಿಂದಿನ ಬೆಂಚಿಗೂ ಕಾಣಬೇಕು, ಒಂದು ಹಂತವನ್ನೂ ಬಿಡುವಂತಿಲ್ಲ. ಪಾಠ ಇಂಗ್ಲಿಷಿನಲ್ಲಿ, ಮಕ್ಕಳ ಮನೆಮಾತು ಲುಗಾಂಡ. ಅಲ್ಲಿನ ಗಣಿತದ ಮೇಷ್ಟ್ರು ಮತ್ತು ನಾನು ಶುರುವಿನಲ್ಲೇ ಒಂದು ಒಪ್ಪಂದ ಮಾಡಿಕೊಂಡೆವು. ಆದಷ್ಟೂ ಒಟ್ಟಿಗೆ ತರಗತಿಗೆ ಹೋಗುವುದು. ನಾನು ಲೆಕ್ಕ ಬಿಡಿಸಿದರೆ ಅವರು ಅದನ್ನೇ ಲುಗಾಂಡದಲ್ಲಿ ಇನ್ನೊಮ್ಮೆ ಹೇಳುವರು. ಮರುದಿನ ಅವರ ಪಾಠ, ನಾನು ಬೆಂಚುಗಳ ನಡುವೆ ಓಡಾಡಿ ನೋಟ್‌ಬುಕ್ ನೋಡುವುದು. ನಾನು ಇವತ್ತಲ್ಲ ನಾಳೆ ಬೆಂಗಳೂರಿಗೆ ಹೊರಟುಬಿಡುವವಳು. ಅವರು ಅಲ್ಲೇ ಇರುವವರು. ಅವರನ್ನು ಪಕ್ಕಕ್ಕೆ ಕೂರಿಸಿ ನಾನೊಬ್ಬಳೇ ಪಾಠ ಮಾಡಿದ್ದರೆ ನಾನು ವಾಪಸ್ ಬಂದ ಮೇಲೆ ಆ ಮಕ್ಕಳ ಗತಿ ಏನು?

ಘನಫಲದ ಪಾಠ ನನಗೆ ತುಂಬಾ ಇಷ್ಟವಾದದ್ದು. ಅಲ್ಲಿ ಪ್ರತಿ ಮನೆಯಲ್ಲೂ ಇಪ್ಪತ್ತು ಲೀಟರಿನ ಹಳದಿ ಜೆರಿಕ್ಯಾನ್ ಇರುತ್ತದೆ, ಮಕ್ಕಳೇ ನೀರು ತರೋದು. ಒಂದು ಕ್ಯಾನನ್ನು ಮೇಜಿನ ಮೇಲೆ ಇಟ್ಟು, "ಇದರೊಳಗೆ ಎಷ್ಟು ಹಿಡಿಸುತ್ತೆ?" ಅಂದೆ. ಎಲ್ಲರೂ ಒಟ್ಟಿಗೆ "ಇಪ್ಪತ್ತು" ಅಂದರು. ಸರಿ, ಅಳೆದು ತೋರಿಸಿ ಅಂದೆ. ಇಬ್ಬರು ಬಂದು ಸ್ಕೇಲಿನಲ್ಲಿ ಉದ್ದ, ಅಗಲ, ಎತ್ತರ ತೆಗೆದರು. ಗುಣಿಸಿದರೆ ಇಪ್ಪತ್ತಕ್ಕಿಂತ ಎಷ್ಟೋ ಜಾಸ್ತಿ ಬಂತು. ತರಗತಿಯಲ್ಲಿ ಗಲಾಟೆಯೋ ಗಲಾಟೆ. ಅಳತೆ ತಪ್ಪು ಅಂತ ಒಂದು ಗುಂಪು, ಅಂಗಡಿಯವನು ಮೋಸ ಮಾಡಿದ್ದಾನೆ ಅಂತ ಇನ್ನೊಂದು ಗುಂಪು. ಕೊನೆಗೆ ಹಿಂದೆ ಕೂತಿದ್ದ ಒಬ್ಬ ಹುಡುಗಿ ಮುಂದೆ ಬಂದು, ಹಿಡಿಕೆಯ ಕೆಳಗಿನ ಖಾಲಿ ಜಾಗದಲ್ಲಿ ಕೈ ಆಡಿಸಿದಳು. ಆಮೇಲೆ ಇಳಿಜಾರಾದ ಭುಜವನ್ನು, ಗುಂಡಗಿನ ಮೂಲೆಗಳನ್ನು ಮುಟ್ಟಿ ತೋರಿಸಿದಳು. ಇಲ್ಲೆಲ್ಲ ನೀರು ಇಲ್ಲ ಮೇಡಂ, ನಾವು ಅದನ್ನೂ ಲೆಕ್ಕಕ್ಕೆ ಹಿಡಿದಿದ್ದೀವಿ ಅಂದಳು. ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕ ಅಂತ ಹೇಳಿದ ಮೇಲೆ, ತಾವು ದಿನಾ ಹೊರುವ ಭಾರ ಎಷ್ಟು ಅಂತ ಎಲ್ಲರೂ ಬರೆಯತೊಡಗಿದರು. ಕೆಲವರ ಪುಟದಲ್ಲಿ ಅವರ ಸ್ವಂತ ತೂಕಕ್ಕಿಂತ ದೊಡ್ಡ ಸಂಖ್ಯೆ ಬಂದಿತ್ತು.

ಅಲ್ಲಿನ ಬಗಾಂಡ ಜನರಲ್ಲಿ ಹೆಣ್ಣುಮಕ್ಕಳು ಹಿರಿಯರ ಮುಂದೆ ಮಂಡಿಯೂರಿ ಮಾತಾಡಿಸುತ್ತಾರೆ. ನೋಟ್‌ಬುಕ್ ಕೊಡುವಾಗಲೂ ಮಣ್ಣಿನ ನೆಲಕ್ಕೆ ಮಂಡಿ. ನನಗೆ ಅದು ನೋಡೋಕೆ ಕಷ್ಟವಾಗುತ್ತಿತ್ತು. ಆದರೆ ಬೇಡ ಅಂತ ಅಪ್ಪಣೆ ಕೊಡುವ ಹಕ್ಕು ನನಗಿಲ್ಲ, ಅದು ಅವರ ಮನೆಯ ಮರ್ಯಾದೆ. ಅದಕ್ಕೆ ನಾನೇ ಅವರ ಬೆಂಚಿನ ಹತ್ತಿರ ಹೋಗಿ, ಅವರು ಕೂತಿದ್ದ ಹಾಗೇ ನೋಟ್‌ಬುಕ್ ಇಸಿದುಕೊಳ್ಳುತ್ತಿದ್ದೆ. ಯಾರಿಗೂ ಬೇಜಾರಾಗಲಿಲ್ಲ.

ಮನಸ್ಸಿಗೆ ತುಂಬಾ ಭಾರವಾಗುತ್ತಿದ್ದದ್ದು ಫೀಸಿನ ದಿನಗಳು. ಟರ್ಮ್ ನಡುವೆ ಒಂದು ಬೆಳಿಗ್ಗೆ ಹೆಸರುಗಳ ಪಟ್ಟಿ ಓದುತ್ತಾರೆ. ಬಾಕಿ ಇರುವ ಮಕ್ಕಳು ಚೀಲ ಎತ್ತಿಕೊಂಡು ಮನೆಗೆ ನಡೆಯುತ್ತಾರೆ. ಸುತ್ತಮುತ್ತಲಿನ ಎಷ್ಟೋ ಶಾಲೆಗಳಲ್ಲಿ ಹೀಗೇ. ಶಾಲೆಯವರನ್ನು ಸುಮ್ನೆ ಬೈದು ಪ್ರಯೋಜನವಿಲ್ಲ. ಆ ಫೀಸಿನಿಂದಲೇ ಸೀಮೆಸುಣ್ಣ, ಮಧ್ಯಾಹ್ನದ ಊಟ, ಟೀಚರುಗಳ ಸಂಬಳ ಎಲ್ಲ ಬರಬೇಕು. ಆದರೂ ಖಾಲಿ ಬೆಂಚುಗಳ ಮುಂದೆ ನಿಂತು ಪಾಠ ಮಾಡೋದು ಸುಲಭವಲ್ಲ. ಆ ದಿನಗಳಲ್ಲಿ ಹೊಸ ಪಾಠ ಶುರು ಮಾಡಬಾರದು, ಹಳೆಯ ಲೆಕ್ಕಗಳನ್ನೇ ಮತ್ತೆ ಬಿಡಿಸಬೇಕು ಅಂತ ಮೇಷ್ಟ್ರೂ ನಾನೂ ತೀರ್ಮಾನಿಸಿದೆವು. ಮಕ್ಕಳು ವಾಪಸ್ ಬಂದಾಗ ಹಿಂದೆ ಬೀಳುತ್ತಿರಲಿಲ್ಲ.

ಫೀಸಿಗೆ ದುಡ್ಡು ಕೇಳಿಕೊಂಡು ಮಕ್ಕಳು ನನ್ನ ಕೋಣೆಗೂ ಬರುತ್ತಿದ್ದರು. ಅವರು ಹೇಳಿದ್ದೆಲ್ಲ ನಿಜವೇ. ಆದರೂ ನಾನು ಯಾರ ಕೈಗೂ ನೇರವಾಗಿ ದುಡ್ಡು ಕೊಡಲಿಲ್ಲ. ಕೊಟ್ಟರೆ ಕೇಳುವ ಧೈರ್ಯ ಇರುವ ಮಗುವಿಗೆ ಸಿಗುತ್ತದೆ, ನಾಚಿಕೆಯ ಮಗು ಮನೆಯಲ್ಲೇ ಉಳಿಯುತ್ತದೆ. ಬೆಂಗಳೂರಿನ ಸ್ನೇಹಿತರು ಕಳಿಸಿದ ಹಣ ಶಾಲೆಯ ಖಾತೆಗೆ ಹೋಗುತ್ತಿತ್ತು. ಯಾರಿಗೆ ಕೊಡಬೇಕು ಅನ್ನುವುದು ಮನೆಮನೆಯ ಕಷ್ಟ ಗೊತ್ತಿದ್ದ ಸಿಸ್ಟರ್‌ಗಳ ತೀರ್ಮಾನ.

ಊಟ ದಿನಾ ಹೆಚ್ಚುಕಡಿಮೆ ಒಂದೇ. ಪೋಶೋ ಅಂದರೆ ಬಿಳಿ ಮುಸುಕಿನ ಜೋಳದ ಹಿಟ್ಟಿನ ಗಟ್ಟಿ ಮುದ್ದೆ, ಜೊತೆಗೆ ಬೀನ್ಸ್ ಕಾಳಿನ ಸಾರು. ಭಾನುವಾರ ಬಾಳೆ ಎಲೆಯಲ್ಲಿ ಬೇಯಿಸಿದ ಮಟೋಕೆ (ಬಾಳೆಕಾಯಿ), ಕಡಲೆಕಾಯಿ ಗೊಜ್ಜು. ಮುದ್ದೆ ತಿಂದು ಬೆಳೆದವಳಿಗೆ ಅದು ಹೊಂದಿಕೊಳ್ಳಲು ಕಷ್ಟವಾಗಲಿಲ್ಲ.

ಚರ್ಚಿನಲ್ಲಿ ಮಾತ್ರ ಮೊದಮೊದಲು ಎಲ್ಲರೂ ತಿರುಗಿ ನೋಡುತ್ತಿದ್ದರು. ಅಲ್ಲಿನವರು ಕಂಡ ಭಾರತೀಯರು ಜಾಸ್ತಿ ಪೇಟೆಯ ಅಂಗಡಿಯವರು. 1972ರಲ್ಲಿ ಇದಿ ಅಮೀನ್ ಏಷ್ಯಾದವರನ್ನು ದೇಶದಿಂದ ಹೊರಹಾಕಿದ್ದು ಹಿರಿಯರಿಗೆ ಇನ್ನೂ ನೆನಪಿದೆ. ಭಾರತದವಳೊಬ್ಬಳು ತಮ್ಮ ಸಾಲಿನಲ್ಲೇ ನಿಂತು ಪರಮಪ್ರಸಾದ ಸ್ವೀಕರಿಸುವುದು ಅವರಿಗೆ ಹೊಸದು. ನಿಮ್ಮಲ್ಲೂ ಕಥೋಲಿಕರು ಇದ್ದಾರಾ ಅಂತ ಕೇಳಿದರು. ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಹಬ್ಬಕ್ಕೆ ಕಾವಿ ಬಟ್ಟೆ ಉಟ್ಟು ಬರುವ ಜನರ ಬಗ್ಗೆ, ತೇರಿನ ಬಗ್ಗೆ ಹೇಳಿದೆ. ಅವರು ನಮುಗೊಂಗೊ ಬಗ್ಗೆ ಹೇಳಿದರು. 1886ರ ಜೂನ್ 3ರಂದು, ಕ್ರೈಸ್ತ ವಿಶ್ವಾಸ ಬಿಡದ ಚಾರ್ಲ್ಸ್ ಲ್ವಾಂಗಾ ಮತ್ತು ಸಂಗಡಿಗರನ್ನು ಜೀವಂತ ಸುಟ್ಟ ಜಾಗ ಅದು. ಆ ಕಾಲದ 22 ಕಥೋಲಿಕ ಹುತಾತ್ಮರನ್ನು 1964ರಲ್ಲಿ ಸಂತರೆಂದು ಸಾರಲಾಯಿತು. ಪ್ರತಿ ವರ್ಷ ಜನ ದೂರದೂರದಿಂದ ಅಲ್ಲಿಗೆ ನಡೆದೇ ಹೋಗುತ್ತಾರೆ. ಹುತಾತ್ಮರಲ್ಲಿ ಕಿಝಿಟೊ ಇನ್ನೂ ಹುಡುಗ. ನನ್ನ ಮಕ್ಕಳು ಅವನ ಹೆಸರನ್ನು ತಮ್ಮ ಬೆಂಚಿನವನ ಹೆಸರಿನಂತೆ ಸಲೀಸಾಗಿ ಹೇಳುತ್ತಿದ್ದರು.

ಬಲಿಪೂಜೆ (ಮಾಸ್) ಲುಗಾಂಡದಲ್ಲಿ, ಡೋಲು, ಕುಣಿತ, ಹಾಡಿನ ಜೊತೆ. ಕಾಣಿಕೆಗೆ ಬಾಳೆಗೊನೆ, ಮೊಟ್ಟೆ, ಕಾಲು ಕಟ್ಟಿದ ಕೋಳಿ ಬರುತ್ತಿದ್ದವು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಅವುಗಳ ಹರಾಜು. ಫಾದರ್‌ಗೆ ಸುತ್ತಲಿನ ಅನೇಕ ಚರ್ಚುಗಳ ಹೊಣೆ. ಅವರು ಬರಲಾಗದ ಭಾನುವಾರ ಉಪದೇಶಿಯೇ (ಧರ್ಮ ಕಲಿಸುವ ವಿಶ್ವಾಸಿ) ಪ್ರಾರ್ಥನೆ ನಡೆಸುತ್ತಿದ್ದರು. ರಾತ್ರಿ ಸೊಳ್ಳೆಪರದೆಯೊಳಗೆ ಕೂತು ಜಪಸರವನ್ನು ಕನ್ನಡದಲ್ಲೇ ಹೇಳಿಕೊಳ್ಳುತ್ತಿದ್ದೆ. ದಿನದಲ್ಲಿ ನಾನು ಬಾಯಿಬಿಟ್ಟು ಆಡುತ್ತಿದ್ದ ಕನ್ನಡ ಅಷ್ಟೇ. ಮನೆಯ ನೆನಪು ಬಾಧಿಸಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ.

ಹೋಗಬೇಕು ಅಂತ ಕೇಳಿಕೊಂಡು ಬರುವವರಿಗೆ ನಾನು ಒಂದು ಮಾತು ಖಂಡಿತ ಹೇಳುತ್ತೇನೆ. ಮೂರು ವಾರಕ್ಕೆ ಹೋಗಬೇಡಿ. ಅಷ್ಟರಲ್ಲಿ ಮಕ್ಕಳ ಹೆಸರೂ ಬಾಯಿಗೆ ಬರುವುದಿಲ್ಲ. ಅಲ್ಲಿ ಶಾಲಾ ವರ್ಷ ಸಾಮಾನ್ಯವಾಗಿ ಫೆಬ್ರವರಿಗೆ ಶುರುವಾಗಿ ವರ್ಷದ ಕೊನೆಗೆ ಮುಗಿಯುತ್ತದೆ, ಮೂರು ಟರ್ಮ್. ಜನವರಿಯಲ್ಲೇ ಹೋಗಿ, ಇಡೀ ವರ್ಷ ಇರಿ. ಹಳ್ಳಿಯಲ್ಲಿ ಕರೆಂಟನ್ನು ನಂಬೋಕೆ ಆಗಲ್ಲ, ಒಂದು ಸೋಲಾರ್ ದೀಪ ಇಟ್ಟುಕೊಳ್ಳಿ. ಸಾರಿನ ಪುಡಿ ಎಷ್ಟು ಒಯ್ದರೂ ಸಾಲದು, ಸಿಸ್ಟರ್‌ಗಳೂ ಕೇಳುತ್ತಾರೆ.