ಧನುರ್ಮಾಸದಲ್ಲಿ ಚಂದ್ರಿಯ ಬಾಲ

ಮದುವೆ ಮೆರವಣಿಗೆಗೆ ಕುದುರೆ ಕೇಳೋಕೆ ಬರುವವರು ಮೊದಲು ಮುಖ ನೋಡುತ್ತಾರೆ, ಆಮೇಲೆ ಹಿಂದೆ ಹೋಗಿ ಬಾಲ ನೋಡುತ್ತಾರೆ. ನಮ್ಮ ಚಂದ್ರಿಯ ಬಾಲ ಈಗ ಗೊರಸಿಗೆ ನಾಲ್ಕು ಬೆರಳು ಮೇಲಿದೆ. ಬಾಲದ ಕೂದಲು ತಿಂಗಳಿಗೆ ಒಂದು ಇಂಚು ಕೂಡ ಸರಿಯಾಗಿ ಬೆಳೆಯುವುದಿಲ್ಲ. ಹಾಗಾಗಿ ತುದಿಯಲ್ಲಿ ತೂಗಾಡುವ ಕೂದಲು ಬುಡದಲ್ಲಿ ಹುಟ್ಟಿ ಮೂರು ನಾಲ್ಕು ವರ್ಷವಾದರೂ ಆಗಿರುತ್ತದೆ. ಒಂದು ಸಲ ಕಿತ್ತುಹೋದರೆ ಮತ್ತೆ ಅಷ್ಟೇ ವರ್ಷ ಕಾಯಬೇಕು.

ನಮ್ಮ ಲಾಯ ಇರೋದು ಚಿತ್ರದುರ್ಗದ ಹೊರಗೆ, ಹೊಲದ ಅಂಚಿನಲ್ಲಿ. ಇಲ್ಲಿ ಹಿಮ ಬೀಳುವ ಚಳಿ ಇಲ್ಲ. ಆದರೆ ದೀಪಾವಳಿ ಕಳೆದು ಮಳೆ ನಿಂತ ಮೇಲೆ ಗಾಳಿ ಒಣಗುತ್ತದೆ, ಧೂಳು ಏಳುತ್ತದೆ, ಬದುವಿನ ಮೇಲಿನ ಉತ್ತರಾಣಿ ಬಲಿಯುತ್ತದೆ. ಬಾಲ ಹಾಳಾಗೋದು ಈ ಮೂರರಿಂದಲೇ. ಅದರಲ್ಲೂ ಉತ್ತರಾಣಿ! ಚಂದ್ರಿ ಬದುವಿನ ಪಕ್ಕ ಒಂದು ಗಂಟೆ ಮೇಯ್ದು ಬಂದರೆ ಸಾಕು, ಬಾಲದ ತುಂಬ ಅದರ ಕಾಳು.

ಮೊದಲ ವರ್ಷ ನಾನು ಕಬ್ಬಿಣದ ಬಾಚಣಿಗೆ ಹಿಡಿದು ಮೇಲಿನಿಂದ ಕೆಳಗೆ ಎಳೆದೆ. ಪಟಪಟ ಅಂತ ಸದ್ದು ಬಂತು. ಬಾಚಣಿಗೆಯಲ್ಲಿ ಒಂದು ಹಿಡಿ ಕೂದಲು. ನಮ್ಮವ್ವ ನೋಡಿ, "ನಿನ್ನ ತಂಗಿ ತಲೆ ಬಾಚಿದ್ದು ನೋಡಿಲ್ವೇನೋ? ಸಿಕ್ಕನ್ನ ತುದಿಯಿಂದ ಬಿಡಿಸಬೇಕು ಕಣಪ್ಪ" ಅಂದರು. ಅವತ್ತಿನಿಂದ ನನ್ನ ಕೈಬೆರಳೇ ಬಾಚಣಿಗೆ. ಪಕ್ಕಕ್ಕೆ ನಿಲ್ಲುತ್ತೇನೆ, ಎಷ್ಟೇ ಸಾಧು ಕುದುರೆ ಆದರೂ ನೇರ ಹಿಂದೆ ನಿಲ್ಲುವುದಿಲ್ಲ. ಸಿಕ್ಕಿಗಿಂತ ಸ್ವಲ್ಪ ಮೇಲೆ ಎಡಗೈಯಲ್ಲಿ ಕೂದಲನ್ನು ಬಿಗಿಯಾಗಿ ಹಿಡಿಯುತ್ತೇನೆ, ಎಳೆತ ಬುಡಕ್ಕೆ ತಾಗಬಾರದು. ಬಲಗೈ ಬೆರಳಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಗಂಟಿನ ಮೇಲೆ ಸವರಿ, ನಾಲ್ಕೈದು ಕೂದಲನ್ನಷ್ಟೇ ಒಂದು ಸಲಕ್ಕೆ ಹೊರಗೆ ಎಳೆಯುತ್ತೇನೆ. ಎಣ್ಣೆ ತಾಗಿದರೆ ಉತ್ತರಾಣಿ ಕಾಳು ಜಾರಿ ಬರುತ್ತದೆ. ಡಿಸೆಂಬರ್ ಬೆಳಗಿನಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗಿರುತ್ತದೆ, 24 ಡಿಗ್ರಿಗಿಂತ ಕೆಳಗೆ ಇಳಿದರೆ ಅದು ಹೆಪ್ಪುಗಟ್ಟುತ್ತದೆ. ಬಾಟಲಿಯನ್ನು ಬಿಸಿನೀರಿನ ಚೊಂಬಿನಲ್ಲಿ ಇಟ್ಟುಕೊಂಡೇ ಕೂರುತ್ತೇನೆ. ಜಾಸ್ತಿ ಎಣ್ಣೆ ಮಾತ್ರ ಹಚ್ಚಬೇಡಿ. ನಮ್ಮ ಕಡೆಯ ಧೂಳಿಗೆ ಎಣ್ಣೆ ಸೇರಿದರೆ ಬಾಲ ಹಗ್ಗದ ಹಾಗೆ ಗಟ್ಟಿಯಾಗುತ್ತದೆ.

ನನ್ನ ವರ್ಷದ ಲೆಕ್ಕ ಧನುರ್ಮಾಸದ ಸುತ್ತ ಇದೆ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ಮದುವೆ ಇಲ್ಲ, ಚಂದ್ರಿಗೆ ರಜ. ಆ ಒಂದು ತಿಂಗಳು ಬಾಲವನ್ನು ಜಡೆಯಲ್ಲೇ ಇಡುತ್ತೇನೆ.

ಜಡೆ ಹಾಕುವ ಮುಂಚೆ ಒಂದೇ ಸಲ ಚೆನ್ನಾಗಿ ತೊಳೆಯುತ್ತೇನೆ. ಹನ್ನೊಂದು ಗಂಟೆ ಬಿಸಿಲಿಗೆ ಶುರು ಮಾಡಬೇಕು, ಸಂಜೆಯ ಚಳಿಗೆ ಮೊದಲೇ ಬುಡ ಒಣಗಿರಬೇಕು. ಅಂಟುವಾಳದ ಕಾಯಿ ರಾತ್ರಿ ನೆನೆಸಿ ಕಿವುಚಿದ ನೀರು, ಮೇಲೆ ಉಗುರು ಬೆಚ್ಚಗಿನ ನೀರು, ಇಷ್ಟೇ. ಬಾಲದ ತುದಿಯನ್ನು ಬಕೆಟ್ಟಿನಲ್ಲಿ ಅದ್ದಿ ಕೈಯಲ್ಲಿ ಹಿಂಡುತ್ತೇನೆ. ಹೆಣ್ಣು ಕುದುರೆ ಅಲ್ವಾ, ಉಚ್ಚೆ ತಾಗಿ ಬಾಲದ ಒಳಗಿನ ಕೂದಲು ಅಂಟಾಗಿರುತ್ತದೆ, ಆ ಜಾಗಕ್ಕೆ ಇನ್ನೊಂದು ಸಲ. ನೊರೆ ಪೂರ್ತಿ ಹೋಗುವವರೆಗೆ ನೀರು ಹಾಕಬೇಕು. ಬುಡದಲ್ಲಿ ನೊರೆ ಉಳಿದರೆ ತುರಿಕೆ ಬರುತ್ತದೆ. ಒದ್ದೆ ಕೂದಲನ್ನು ಬಾಚಬೇಡಿ, ಅದು ಹಿಗ್ಗಿ ತುಂಡಾಗುತ್ತದೆ.

ಪೂರ್ತಿ ಒಣಗಿದ ಮೇಲೆ ಮೂರು ಕಾಲಿನ ಜಡೆ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬಾಲದ ಮೇಲಿನ ಭಾಗದ ಒಳಗೆ ಮೂಳೆ ಇದೆ, ಅಲ್ಲಿ ರಕ್ತ ಓಡುತ್ತದೆ. ಆ ಭಾಗಕ್ಕೆ ದಾರ, ರಬ್ಬರ್, ಟೇಪು ಏನನ್ನೂ ಬಿಗಿಯಬೇಡಿ. ರಕ್ತ ನಿಂತರೆ ಕೂದಲಷ್ಟೇ ಅಲ್ಲ, ಬಾಲವೇ ಕೊಳೆತು ಹೋಗಬಹುದು. ನಾನು ಕೈಯಲ್ಲಿ ಮುಟ್ಟಿ ಮೂಳೆಯ ತುದಿ ಹುಡುಕಿ, ಅದಕ್ಕಿಂತ ಒಂದು ಗೇಣು ಕೆಳಗೆ ಹೆಣೆಯೋಕೆ ಶುರು ಮಾಡುತ್ತೇನೆ. ಅವ್ವನ ಹಳೆ ಕಾಟನ್ ಸೀರೆ ಹರಿದು ಮಾಡಿದ ಪಟ್ಟಿಯನ್ನು ಜಡೆಯ ಒಳಗೇ ಸೇರಿಸಿ ಹೆಣೆದು, ಜಡೆಯನ್ನು ಮಡಚಿ, ಅದೇ ಬಟ್ಟೆಯ ಚೀಲಕ್ಕೆ ಹಾಕಿ ಕಟ್ಟುತ್ತೇನೆ. ಚೀಲದ ತುದಿಗೆ ನಾಲ್ಕು ಉದ್ದ ಪಟ್ಟಿ ಬಿಟ್ಟಿರುತ್ತೇನೆ. ನೊಣ ಓಡಿಸೋಕೆ ಅದಕ್ಕೆ ಏನಾದರೂ ಬೇಕಲ್ಲ. ಎಂಟು ಹತ್ತು ದಿನಕ್ಕೆ ಬಿಚ್ಚಿ, ಒಂದು ರಾತ್ರಿ ಹಾಗೇ ಬಿಟ್ಟು, ಮತ್ತೆ ಹೆಣೆಯುತ್ತೇನೆ. ಚೀಲ ಒದ್ದೆಯಾದರೆ ಅವತ್ತೇ ಬದಲಿಸಬೇಕು.

ಎರಡು ವರ್ಷದ ಹಿಂದೆ ಇಷ್ಟೆಲ್ಲ ಮಾಡಿಯೂ ಬಾಲದ ಬುಡ ಪೊರಕೆಯ ಹಾಗೆ ಎದ್ದು ನಿಂತಿತು. ಚಂದ್ರಿ ರಾತ್ರಿಯೆಲ್ಲ ಗೋಡೆಗೆ ಹಿಂಭಾಗ ತಿಕ್ಕುತ್ತಿತ್ತು. ಚಳಿಗೆ ಚರ್ಮ ಒಡೆದಿದೆ ಅಂದುಕೊಂಡು ಎರಡು ವಾರ ಎಣ್ಣೆ ಹಚ್ಚಿದೆ. ಆ ಎರಡು ವಾರ ಅದು ಅನುಭವಿಸಿದ್ದು ನೆನೆದರೆ ಈಗಲೂ ಬೇಜಾರಾಗುತ್ತದೆ. ಕೊನೆಗೆ ಬಂದ ಪಶುವೈದ್ಯರು ಬಾಲ ಎತ್ತಿ, ಗುದದ ಸುತ್ತ ಒಣಗಿ ಅಂಟಿದ್ದ ಹಳದಿ ಬೂದು ಬಣ್ಣದ ಪೊರೆ ತೋರಿಸಿದರು. ಅಲ್ಲಿಗೆ ಒಂದು ತುಂಡು ಸೆಲ್ಲೋಟೇಪ್ ಒತ್ತಿ ತೆಗೆದು, ಗಾಜಿನ ಮೇಲೆ ಅಂಟಿಸಿ, ಮೈಕ್ರೋಸ್ಕೋಪಿನಲ್ಲಿ ನೋಡಿದರು. ಪಿನ್‌ವರ್ಮ್ ಹುಳದ ಮೊಟ್ಟೆ. ಹೆಣ್ಣು ಹುಳ ಹೊರಗೆ ಬಂದು ಚರ್ಮದ ಮೇಲೆ ಅಂಟಿನ ಜೊತೆ ಮೊಟ್ಟೆ ಇಡುತ್ತದಂತೆ, ತುರಿಕೆ ಅದರದೇ. ಲದ್ದಿ ಪರೀಕ್ಷೆಯಲ್ಲಿ ಅದು ಸಾಮಾನ್ಯವಾಗಿ ಸಿಗುವುದಿಲ್ಲ. ತೂಕ ನೋಡಿ ಔಷಧಿ ಕೊಟ್ಟರು. ನಾನು ದಿನಾ ಆ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆ ಸುಟ್ಟೆ, ಲಾಯದ ಗೋಡೆ, ನೀರಿನ ತೊಟ್ಟಿ ಎಲ್ಲ ಬಿಸಿನೀರು ಹಾಕಿ ಉಜ್ಜಿದೆ. ಬಾಲ ತಿಕ್ಕುವ ಕುದುರೆಗೆ ಹೇನು, ಸಣ್ಣ ಸೊಳ್ಳೆಯ ಕಡಿತ, ಕೊಳೆ ತುಂಬಿದ ಕೆಚ್ಚಲ ಸಂದು, ಯಾವುದೂ ಕಾರಣ ಆಗಿರಬಹುದು. ಎಣ್ಣೆ ಬಾಟಲಿಗೆ ಕೈ ಹಾಕುವ ಮೊದಲು ಬಾಲ ಎತ್ತಿ ನೋಡಿ.

ಮೇವಿನ ವಿಷಯದಲ್ಲಿ ನಾನು ಹೊಸದೇನೂ ಮಾಡಿಲ್ಲ. ಒಳ್ಳೆ ಹುಲ್ಲು, ಸ್ವಲ್ಪ ಕುದುರೆ ಮೆಂತೆ, ಬೇಯಿಸಿದ ಹುರುಳಿ, ಚಳಿಗಾಲದಲ್ಲಿ ಒಂದು ಹಿಡಿ ಬೇಯಿಸಿದ ಅಗಸೆ. ರಾತ್ರಿ ಬೆನ್ನಿಗೆ ಚಳ್ಳಕೆರೆ ಕಂಬಳಿ. ಕಂಬಳಿಯ ಅಂಚು ಬಾಲದ ಬುಡಕ್ಕೆ ಉಜ್ಜಬಾರದು, ಅದಕ್ಕೆ ಹಿಂದೆ ಒಂದು ಮಡಿಕೆ ಮಡಚಿ ಹೊಲಿಸಿದ್ದೇನೆ.

ಈ ಸಂಕ್ರಾಂತಿಯ ಮರುದಿನ ಜಡೆ ಬಿಚ್ಚಿದೆ. ಬೆರಳಲ್ಲಿ ಪೂರ್ತಿ ಬಿಡಿಸಿ ಮುಗಿಸಿದಾಗ ಕೈಗೆ ಬಂದದ್ದು ಹದಿನಾಲ್ಕು ಕೂದಲು. ಅವ್ವ ಎಣಿಸಿ ಹೇಳಿದರು. ಬುಡದಲ್ಲಿ ಅವತ್ತು ತಿಕ್ಕಿ ಮುರಿದ ಕೂದಲು ಇನ್ನೂ ಒಂದೂವರೆ ಅಡಿ ಅಷ್ಟೇ ಬಂದಿವೆ. ಮೆರವಣಿಗೆ ದಿನ ಅದಕ್ಕೆ ನೀರು ಸವರಿ, ಉಳಿದ ಕೂದಲಿನ ಜೊತೆ ಮೆಲ್ಲಗೆ ಮಲಗಿಸುತ್ತೇನೆ.